ನೂರಕ್ಕೆ ಐದು

ಧಾರವಾಡದಿಂದ ಗ್ರಾಫು ಬಂದಿದೆ.
ಮೂವತ್ತೆರಡು ಡಿಗ್ರಿಯ ಹತ್ತಿರದ ಶಿಖರ
ಕೂದಲೆಳೆಯಷ್ಟು ಎಡಕ್ಕೆ ಸರಿದಿದೆ.
ಇಷ್ಟಕ್ಕೇ ನಾಲ್ಕು ತಿಂಗಳು,
ಕರೆಂಟು ಹೋಗಿ ಮೂರು ಸಲ ತಣ್ಣಗಾದ ಕುಲುಮೆ,
ಉಪ್ಪುಗಾಳಿಯ ತೇವ ಕುಡಿದು ಗಂಟುಕಟ್ಟಿದ ಪುಡಿ.

ಕೋಡಿಬಾಗದ ಜಗಲಿಯಲ್ಲಿ ಆಯಿ ಕೇಳಿದಳು:
ಏನು ಮಾಡಿದೆಯೇ ಸುಲಕ್ಷಾ, ಅಷ್ಟು ದಿನ?

ಅವಳ ಬುಟ್ಟಿಯನ್ನೇ ಎಳೆದುಕೊಂಡೆ.
ಒತ್ತಾಗಿ, ತುಸು ಓರೆಯಾಗಿ ಮಲಗಿದ ತಾರ್ಲೆ.
ನಡುವಿನದೊಂದನ್ನು ತೆಗೆದು
ಅದೇ ಜಾಗಕ್ಕೆ ಬಂಗಡೆ ತುರುಕಿದೆ.
ನೋಡು, ಇದು ಬೇರಿಯಂ,
ಲ್ಯಾಂಥನಮ್ಮಿನ ಮನೆಗೆ ಬಂದ ದಪ್ಪ ನೆಂಟ.
ನೂರು ಮನೆಗೆ ಐದೇ ಜನ.

ಸಾಲು ಅಗಲವಾಯಿತು.
ವಾಲಿದ್ದವು ಚೂರು ನೆಟ್ಟಗಾದವು,
ಕಬ್ಬಿಣವನ್ನು ಆರು ಕಡೆಯಿಂದ ಹಿಡಿದ
ಆಮ್ಲಜನಕದ ಹಾಗೆ.
ಮುಟ್ಟದೇ ಇದ್ದ ಮೀನೂ ಕದಲಿತು.

ನೆಂಟ ತಂದದ್ದು ಮಾತ್ರ ಒಂದು ಕಾಸು ಕಡಿಮೆ;
ಲೆಕ್ಕ ಹೊಂದಲು ಎಲ್ಲೋ ಒಂದು ಆಮ್ಲಜನಕ
ಎದ್ದು ಹೋಗುತ್ತದೆ.
ಆ ಖಾಲಿ ಜಾಗವನ್ನು ತೋರಿಸಲು
ಬುಟ್ಟಿಯಲ್ಲಿ ಏನೂ ಸಿಗಲಿಲ್ಲ.

ಆಯಿ ಬಹಳ ಹೊತ್ತು ನೋಡಿದಳು.
ಬೆರಳಿನಿಂದ ಮಂಜುಗಡ್ಡೆ ಸರಿಸಿ
ಬಂಗಡೆಯ ಕಿವಿರು ಎತ್ತಿ ಕೆಂಪು ಪರೀಕ್ಷಿಸಿ,
ಅದೆಲ್ಲ ಸರಿ, ಅಂದಳು,
ಈಗ ಈ ಬುಟ್ಟಿಗೆ
ತಾರ್ಲೆ ದರ ಕೂಗಲೋ, ಬಂಗಡೆಯದೋ?

ಅದು ನನ್ನ ಮುಂದಿನ ಅಧ್ಯಾಯ.
ಇನ್ನೂ ಬರೆದಿಲ್ಲ.