ಇಪ್ಪತ್ತು ಡಿಗ್ರಿ

ಮುನಿರತ್ನಮ್ಮ ಅಗರ್ ಸುರಿದಿಟ್ಟ ತಟ್ಟೆಗಳು
ಮೇಜಿನ ತುಂಬ ಹೆಪ್ಪುಗಟ್ಟುತ್ತಿವೆ.
"ಮುಟ್ಬೇಡ ಕಣವ್ವ, ನೆರಿಗೆ ಬೀಳ್ತದೆ"
ಅನ್ನುತ್ತಾಳೆ, ಮೊಸರಿನ ಕುಡಿಕೆಗೆ
ಕಾವಲು ಕೂತವಳ ಹಾಗೆ.

ನಾನು ಲೆನ್ಸಿಗೆ ಕಣ್ಣೊತ್ತಿ ಕೂತು ಮೂರು ಗಂಟೆ.
ದುಂಡುಹುಳುವಿನ ಮರಿ, ಮೈಯೆಲ್ಲ ಗಾಜು,
ನುಂಗಿದ ತುತ್ತು ಗಂಟಲಿಳಿಯುವುದೂ ಕಾಣುತ್ತದೆ.
ಹೊಟ್ಟೆಯಡಿ ಆರು ಜೀವಕೋಶ, ಒಂದರ ಪಕ್ಕ ಒಂದು.
ಆರಕ್ಕೂ ಅವೇ ಜೀನುಗಳು,
ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.
ಏನು ಬೇಕಾದರೂ ಆದಾವು,
ಇನ್ನೂ ಏನೂ ಆಗಿಲ್ಲ.

ಮೇಲಿಂದ, ಗರ್ಭದ ಅಂಚಿನಿಂದ
ಒಂಟಿ ಕೋಶವೊಂದು ಕೂಗುತ್ತದೆ.
ಕೂಗೆಂದರೆ ಸದ್ದಲ್ಲ,
ತುಸುವೇ ತುಸು ಪ್ರೋಟೀನು, ಹತ್ತಿರದಲ್ಲಿ ದಟ್ಟ,
ದೂರ ಹೋದಷ್ಟೂ ತೆಳು.

ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಕಂಡಕ್ಟರು
ಹೆಬ್ಬಾಳ ಹೆಬ್ಬಾಳ ಹೆಬ್ಬಾಳ ಎಂದು
ಬಸ್ಸಿನ ತಗಡು ಬಡಿದು ಕರೆದ.
ಇಡೀ ಅಂಕಣಕ್ಕೆ ಕೇಳಿಸಿತು.
ತಿರುಗಿದ್ದು ಐದಾರು ಕತ್ತು.
ಕಾಕಡ ಕಟ್ಟುತ್ತಿದ್ದವಳು ಬೆರಳನ್ನೂ ನಿಲ್ಲಿಸಲಿಲ್ಲ.
ಅವಳು ಕಿವುಡಿಯಲ್ಲ.

ಇಲ್ಲೂ ಅಷ್ಟೇ.
ಸಮೀಪದ ಕೋಶ ಮೊದಲು ಓಗೊಡುತ್ತದೆ,
ಮೊಟ್ಟೆ ಹೊರಬೀಳುವ ಬಾಗಿಲಾಗತೊಡಗುತ್ತದೆ.
ಆಗುತ್ತಲೇ ಎಡಬಲದ ಎರಡನ್ನು ತಿವಿದು ಹೇಳುತ್ತದೆ,
ನಾನಾಯಿತು, ನೀವು ಬಾಗಿಲವಾಡವಾಗಿ.
ಉಳಿದ ಮೂರು
ಚರ್ಮದಲ್ಲಿ ಕರಗಿ ಚರ್ಮವಾಗುತ್ತವೆ.
ಅದೂ ಕೆಲಸವೇ.

ಏಳನೇ ತಟ್ಟೆಯ ಹುಳಗಳಲ್ಲಿ
ಕಿವಿಯ ಜೀನು ಕೆಟ್ಟಿದೆ. ಕೆಡಿಸಿದವಳು ನಾನೇ.
ಕೂಗು ಬರುತ್ತದೆ, ಬರುತ್ತಲೇ ಇರುತ್ತದೆ.
ಆರೂ ಕೋಶ ಸುಮ್ಮನೆ ಕೂತಿವೆ.
ಬಾಗಿಲಿಲ್ಲ.
ಮೊಟ್ಟೆಗಳು ಒಳಗೇ ಒಡೆದು, ಮರಿಗಳು ಒಳಗೇ ಹೊರಳಿ
ತಾಯಿಯನ್ನು ಒಳಗಿಂದ ತಿಂದು
ಹೊರಬರುತ್ತವೆ. ನಮ್ಮ ಪುಸ್ತಕದಲ್ಲಿ ಇದಕ್ಕೆ
ಚೀಲ ಎಂದು ಒಂದು ಪದ, ಮುಂದೊಂದು ಅಂಕಿ.
ಇವತ್ತಿನದು ಮೂವತ್ತೆಂಟು.

ಮುನಿರತ್ನಮ್ಮ ಕನ್ನಡಕ ತೆಗೆದು ಬಗ್ಗಿ ನೋಡಿದಳು.
ಬಹಳ ಹೊತ್ತು ನೋಡಿದಳು.
"ಹೆರಕ್ಕೆ ದಾರಿನೇ ಇಲ್ವಾ ಇದಕ್ಕೆ?"
ಇಲ್ಲ ಅಂದೆ.
"ವಾಣಿವಿಲಾಸದಾಗೆ ಎರಡು ರಾತ್ರಿ ನಂದೂ ಹಿಂಗೇ.
ಕೊನೆಗೆ ಕುಯ್ದ್ರು."
ಮತ್ತೆ ಕನ್ನಡಕ ಏರಿಸಿ
ಫ್ಲಾಸ್ಕು ತಿಕ್ಕಲು ಹೋದಳು. ನಲ್ಲಿ ಜೋರಾಗಿ ಬಿಟ್ಟಳು.

ಇನ್ನೊಂದು ತಳಿ ಇದೆ, ಪೂರಾ ತಿರುಗುಮುರುಗು,
ಯಾರೂ ಕರೆಯದೆ "ಬಂದೆ" ಅನ್ನುವಂಥದು,
ಬಡಿಯದ ಫೋನಿಗೆ ಜೇಬು ಮುಟ್ಟಿಕೊಳ್ಳುವ ನನ್ನ ಹಾಗೆ.
ಹೊಟ್ಟೆಯುದ್ದಕ್ಕೂ ಬಾಗಿಲೋ ಬಾಗಿಲು,
ನಿಜದ್ದೊಂದು ಬಿಟ್ಟರೆ
ಯಾವುದರ ಹಿಂದೆಯೂ ಮನೆಯಿಲ್ಲ.
ಅದರ ಲೆಕ್ಕ ನಾಳೆಗೆ.

ಹತ್ತೂವರೆಗೆ ಕರೆಂಟು ಹೋಯಿತು.
ಇನ್‌ಕ್ಯುಬೇಟರ್ ಒಂದೇ ಸಮ ಕಿರುಚಿಕೊಂಡಿತು,
ಜನರೇಟರಿನವನು ಊಟಕ್ಕೆ ಹೋಗಿದ್ದ.
ಕಿಟಕಿ ತೆರೆದೆ.
ಹುಳಗಳಿಗೆ ಬೇಕಾದ್ದು ಇಪ್ಪತ್ತು ಡಿಗ್ರಿ;
ನವೆಂಬರಿನ ಈ ಊರು, ಗೋಡೆಯ ಥರ್ಮಾಮೀಟರಿನಲ್ಲಿ,
ಸರಿಯಾಗಿ ಇಪ್ಪತ್ತು.
ಮೇಲ್ಸೇತುವೆಯ ಲಾರಿಗಳು, ಕೆರೆಯ ಕಡೆಯ ಒಂದು ಹಕ್ಕಿ,
ಸುಟ್ಟ ಎಲೆಯ ವಾಸನೆ, ಎಲ್ಲ ಒಳಗೆ ಬಂದವು.
ತಟ್ಟೆಗಳಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಕತ್ತಲೆಯಲ್ಲೇ ಕೇಳಿದಳು ಮುನಿರತ್ನಮ್ಮ,
"ಆ ಮೇಲಿಂದು, ಕೂಗೋದು...
ಯಾರೂ ಓಗೊಡ್ದಿದ್ರೆ ನಿಲ್ಲಿಸ್ತದಾ?"

ಗೊತ್ತಿಲ್ಲಮ್ಮ, ಅಂದೆ.
ಕರೆಂಟು ಬರಲಿ, ನೋಡ್ತೀನಿ.