ಗಾಳಿ ಇಳಿಸು

ಬಳ್ಳಾರಿ ಕೌಲ್ ಬಜಾರಿನ ಶೆಡ್ಡಿನಲ್ಲಿ ಎರಡು ಗಾಡಿ.
ಒಂದು ಬಗ್ಗಿ. ಹಳೇ ಮಾರುತಿಯ ಎಂಜಿನ್ನು,
ಕೊಳಾಯಿ ಪೈಪು ಬಗ್ಗಿಸಿ ಬೆಸೆದ ಪಂಜರ,
ಒಳಗೆ ಎರಡು ಸೀಟು, ಎದೆಗೆ ಅಡ್ಡ ಬೆಲ್ಟು.
ಇನ್ನೊಂದು ಕ್ವಾಡು. ನಾಲ್ಕು ದಪ್ಪ ಗಾಲಿ,
ಎಮ್ಮೆ ಕೊಂಬಿನಂಥ ಹ್ಯಾಂಡಲ್ಲು,
ತಲೆ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ.
ಬಗ್ಗಿಯ ಸೀಟಿನಲ್ಲಿ ಹುಸೇನ್‌ಪೀರನ ಕೋಳಿ
ಕಾವಿಗೆ ಕೂತಿತ್ತು.

ನನ್ನ ಹತ್ತಿರ ಇದ್ದದ್ದು ಒಂದರ ದುಡ್ಡು.
ಚೀಟಿ ಎತ್ತಿದ್ದು, ಟೀ ಮಾರಿದ್ದು, ಎರಡು ಟಗರಿನದು.

ಬೊಮ್ಮನಹಾಳ್ ದಾಟಿದರೆ ಹಗರಿ ದಂಡೆಗೆ
ಹೊಳೆ ಬಿಟ್ಟು ಎದ್ದು ಬಂದ ಮರಳು.
ಕಾಗದದಲ್ಲಿ ಆಂಧ್ರದ್ದು, ಬಾಯಲ್ಲಿ ಕನ್ನಡದ್ದು,
ಗಾಳಿ ಬಂದಾಗ ಯಾರ ಲೆಕ್ಕಕ್ಕೂ ಸಿಗದ್ದು.
ಮದುವೆಗೆ ಮುಂಚಿನ ಫೋಟೋಕ್ಕೆ ಜೋಡಿಗಳು ಬಂದು
ಇದನ್ನೇ ದುಬೈ ಅಂದುಕೊಂಡು ನಿಲ್ಲುತ್ತಾರೆ.
ನನ್ನ ಟೀ ಕುಡಿಯುತ್ತಾರೆ. ಹಲ್ಲಿಗೆ ಕರಕರ ಸಿಕ್ಕರೆ
ಏಲಕ್ಕಿ ಅನ್ನುತ್ತೇನೆ.

ತಮ್ಮ ಹೊನ್ನೂರಪ್ಪ ಬಗ್ಗಿಯ ಪಾರ್ಟಿ.
"ಮಗುಚಿದ್ರೂ ಪೈಪು ಹಿಡ್ಕಂತೈತೆ ಅಕ್ಕಾ.
ಕ್ವಾಡು ಮಗುಚಿದ್ರೆ ಮೈಮ್ಯಾಲೇ ಕುಂದರ್ತೈತೆ.
ಇಬ್ರು ಕುಂತ್ರೆ ಎರಡು ಟಿಕೇಟು. ಲೆಕ್ಕ ಹಾಕು."
ಹಾಕಿದೆ. ಅವನದೇ ಸರಿ ಬಂತು.
ಮತ್ತೆ ಹಾಕಿದೆ. ಮತ್ತೂ ಅವನದೇ.

ಜೋಡಿಗಳನ್ನೂ ನೋಡಿದ್ದೇನೆ ನಾನು.
ಪಕ್ಕ ಪಕ್ಕ ಕೂತವರಿಗೆ ಕಾಣುವುದು ಒಂದೇ ಮರಳು;
ಹಿಂದೆ ಕೂತವಳಿಗೆ ಕಾಣುವುದು ಅಂಗಿ.
ಇದೂ ಬಗ್ಗಿಯ ಕಡೆಗೇ ವಾಲುವ ಮಾತು, ಗೊತ್ತು.
ಆದರೆ ನಾನೂ ಪಕ್ಕ ಕೂತಿದ್ದೆ, ಒಂಬತ್ತು ವರ್ಷ,
ಅದಿರು ಲಾರಿಯ ಕ್ಯಾಬಿನ್ನಿನಲ್ಲಿ,
ಎರ್ರಿಸ್ವಾಮಿಯ ಎಡಕ್ಕೆ.
ನಡುವೆ ಗೇರು. ಗೇರಿನ ಮೇಲೆ ಅವನ ಕೈ.
ದಾರಿ ಇಬ್ಬರದೂ ಒಂದೇ, ತಿರುವು ಅವನದು.
ಸಂಡೂರಿನ ಇಳಿಜಾರಿನಲ್ಲಿ ನನ್ನ ಕಾಲು
ಇಲ್ಲದ ಬ್ರೇಕು ತುಳಿಯುತ್ತಿತ್ತು.
ಈಗಲೂ ನಿದ್ದೆಯಲ್ಲಿ ತುಳಿಯುತ್ತೀಯ
ಅನ್ನುತ್ತಾಳೆ ಮಗಳು.

"ಕೋಳಿ ಏಳಾತನಕ ಬಗ್ಗಿ ಅಲ್ಲಾಡ್ಸಂಗಿಲ್ಲ,
ಕ್ವಾಡು ಒಯ್ದು ನೋಡ್ರಿ" ಅಂದ ಹುಸೇನ್‌ಪೀರ.
ಹಾಗಾಗಿ ಇದು ಸಮನಾದ ಪರೀಕ್ಷೆ ಅಲ್ಲ.

ಮೊದಲ ದಿಬ್ಬಕ್ಕೇ ಹೂತಿತು.
ಹೆಬ್ಬೆರಳು ಒತ್ತಿದಷ್ಟೂ ಇಳಿಯಿತು,
ಹಠದ ಮಗು ಸಂತೆಯಲ್ಲಿ ಕೂತಂತೆ.
ತಮ್ಮ ನಕ್ಕ. ಕ್ಯಾಮೆರಾ ಹುಡುಗರೂ ನಕ್ಕರು.
ಕುರಿ ಹೊಡೆದುಕೊಂಡು ಬರುತ್ತಿದ್ದ ತಿಪ್ಪಕ್ಕ ಮಾತ್ರ ನಿಂತಳು,
ಬರಿಗಾಲು, ಸೆರಗಲ್ಲಿ ಮರಿ.
ಗಾಲಿ ಒತ್ತಿ ನೋಡಿದಳು, ಹೊಟ್ಟೆಯುಬ್ಬರದ ಕುರಿ ಮುಟ್ಟುವಂತೆ.
"ಇಷ್ಟು ಬಿಗಿದ್ರೆ ಯಾವ ಮರಳು ಹೊರ್ತೈತವ್ವಾ?
ಗಾಳಿ ಇಳ್ಸು."
ಜಾಲಿ ಮುಳ್ಳು ಮುರಿದು ವಾಲ್ವಿನ ಮೂಗಿಗೆ ಕೊಟ್ಟಳು.
ಉಸ್ಸಂತ ಹೋಯಿತು ನಾಲ್ಕರಿಂದಲೂ,
ನನ್ನ ಹೆಗಲಿಂದಲೂ ಒಂದಷ್ಟು.
ಗಾಲಿ ಹರಡಿ ಅಗಲವಾಯಿತು
ತಿಪ್ಪಕ್ಕನ ಪಾದದ ಹಾಗೆ.

ಹತ್ತಿತು.

ಗಾಡಿ ಎಡಕ್ಕೆ ವಾಲಿದರೆ ಮೈ ಬಲಕ್ಕೆ ಕೊಡಬೇಕು.
ಇದು ಗಾಡಿಯೇ ಹೇಳಿದ್ದು.
ಕಿವಿಯಲ್ಲಿ ಮರಳು, ಸೀರೆ ಮೊಣಕಾಲಿಗೆ,
ತುರುಬು ಯಾವಾಗಲೋ ಬಿಚ್ಚಿತ್ತು.
ತುದಿಯಲ್ಲಿ ನಿಲ್ಲಿಸಿದೆ.
ಬ್ರೇಕು ಇತ್ತು. ಬೆರಳಿಗೇ.
ಕೆಳಗೆ ತಮ್ಮ ಕೈ ಬೀಸಿ ಏನೋ ಕೂಗುತ್ತಿದ್ದ,
ಬಾಡಿಗೆಯ ಲೆಕ್ಕವೋ, ಇಳಿ ಅಂತಲೋ.
ಗಾಳಿಗೆ ಬರೀ ಬಾಯಿ ಕಂಡಿತು.

ಸಂಜೆ ಹುಸೇನ್‌ಪೀರ ನೋಟು ಎಣಿಸುವಾಗ
ಮಡಿಕೆಯಿಂದ ಮರಳು ಉದುರಿತು.
ಊದಿ, ಮತ್ತೆ ಮೊದಲಿಂದ ಎಣಿಸಿದ.

ತಮ್ಮ ಎರಡು ದಿನ ಮಾತು ಬಿಟ್ಟ.
ಅವನ ಲೆಕ್ಕ ಇವತ್ತಿಗೂ ಸರಿಯೇ.
"ಇಬ್ಬರು ಪಕ್ಕ ಕೂರುವಂಥದ್ದು ಇಲ್ವಾ?"
ಅಂತ ಕೇಳಿ ಹೊರಟುಹೋಗುವವರಿದ್ದಾರೆ.
ಇದ್ದವರಿಗೆ ಹೇಳುತ್ತೇನೆ, ಒಬ್ಬೊಬ್ಬರೇ ಹೋಗಿ ಬನ್ನಿ.
ಹುಡುಗಿ ಮೊದಲು.
ಹೋದವಳು ತುದಿಯಲ್ಲಿ ಒಂಚೂರು ಹೆಚ್ಚೇ ನಿಲ್ಲುತ್ತಾಳೆ,
ಹುಡುಗ ಗಡಿಯಾರ ನೋಡುತ್ತಾನೆ.
ನಾನು ಟೀ ಸೋಸುತ್ತೇನೆ.

ಮೊನ್ನೆ ಹುಸೇನ್‌ಪೀರ ಸಿಕ್ಕಿದ್ದ.
ಬಗ್ಗಿ ಇನ್ನೂ ಅಲ್ಲೇ ಐತಂತೆ.
ಒಂಬತ್ತರಲ್ಲಿ ಏಳು ಮರಿ ಆದವು ಅಂದ.