ಎಡಗಡೆಯಿಂದ

ಹಂಪನಕಟ್ಟೆಯ ಆ ಹೋಟೆಲಲ್ಲಿ ಕುಶಿನಿಯಿಂದ
ಫ್ಯಾಮಿಲಿ ರೂಮಿಗೆ ನಲವತ್ತೆರಡು ಹೆಜ್ಜೆ.
ಮೂವತ್ತೊಂದು ವರ್ಷ ನಡೆದಿದ್ದೇನೆ
ಕೆಂಪು ತುಂಬಿದ ಬಿಳಿ ಬಟ್ಟಲು ಹಿಡಿದು.
ಬಟ್ಟಲು ನೋಡಬಾರದು, ನೋಡಿದರೆ ತುಳುಕುತ್ತದೆ;
ಗಿರಾಕಿಯ ಮುಖ ನೋಡುತ್ತ ನಡೆ ಎಂದು
ಮೊದಲ ದಿನವೇ ಹೇಳಿಕೊಟ್ಟಿದ್ದ ಬಾಸ್ತ್ಯಾಂವ್ ಪೊರ್ಬು,
ಸೌಟಿನಲ್ಲಿ ಬೆನ್ನಿಗೊಂದು ತಟ್ಟಿ.

ಹಾಗಾಗಿ ಮುಖಗಳು ಗೊತ್ತು ನನಗೆ.
ಹೆಣ್ಣು ನೋಡಲು ಬಂದು ಮಾತು ಹುಟ್ಟದೆ
ಚಮಚ ತಿರುಗಿಸುತ್ತ ಕೂತವನ ಮುಖ,
ಹಳೆ ಬೋಟು ಮಾರಿದ ಖುಷಿಯಲ್ಲಿ
ಎಂಟು ಮಂದಿಗೆ ಎಂಟು ಸೂಪು ಹೇಳಿ
ಆಮೇಲೆ ರೇಟು ಓದಿದವನ ಮುಖ.
ರುಚಿ ಗೊತ್ತಿಲ್ಲ.
ಕೇಳಿದರೆ "ಫಸ್ಟ್ ಕ್ಲಾಸ್ ಉಂಟು ಸಾರ್" ಅನ್ನುತ್ತಿದ್ದೆ,
ಅದೂ ಸಂಬಳದ ಕೆಲಸವೇ.

ಈಗ ಜಲಜಳಿಗೆ ಹಲ್ಲಿಲ್ಲ.
ಅತ್ತಾವರದಲ್ಲಿ ಕೆಳಗಿನ ಸಾಲು ಪೂರ್ತಿ ಕಿತ್ತು
ಐದು ದಿನ. ಐದು ದಿನವೂ ಗಂಜಿ ತಿಳಿ.
ಬೆಳಿಗ್ಗೆ ಸೆರಗು ಬಾಯಿಗಿಟ್ಟು ಹೇಳಿದಳು:
"ಊರಿಗೆಲ್ಲ ಕೊಟ್ಟದ್ದು ಎಂತದು ಮಾರಾಯ್ರೆ ಅದು,
ನನಗೊಂದು ಸಲ ಮಾಡಿ ಕೊಡಿ."

ಮಾರ್ಕೆಟ್ಟಿನಲ್ಲಿ ಘಟ್ಟದ ಟೊಮೆಟೊ
ಒಂದೊಂದೇ ಒತ್ತಿ ಆರಿಸಿದೆ.
"ಮದುವೆ ಮಾಡ್ಲಿಕ್ಕುಂಟಾ ಅದಕ್ಕೆ?" ಎಂದ ಅಂಗಡಿಯವ.
ಬುಡಕ್ಕೆ ಗುಣಿಸು ಚಿಹ್ನೆಯ ಹಾಗೆ ಗೀರಿ
ಕುದಿವ ನೀರಿಗೆ ಬಿಟ್ಟೆ; ಅರೆಗಳಿಗೆಯಲ್ಲಿ
ಸಿಪ್ಪೆ ತಾನೇ ಸುರುಳಿ ಬಿಚ್ಚಿತು,
ಗೋಡೆಯಲ್ಲಿ ನೆನೆದ ಪೋಸ್ಟರಿನ ಹಾಗೆ.
ಬೆಣ್ಣೆಯಲ್ಲಿ ನೀರುಳ್ಳಿ, ಎರಡೆಸಳು ಬೆಳ್ಳುಳ್ಳಿ,
ಒಂದು ಪಲಾವಿನ ಎಲೆ.
ಕೈ ಸಾಸಿವೆ ಡಬ್ಬಿಯವರೆಗೆ ಹೋಗಿ
ನಾಚಿ ಹಿಂದೆ ಬಂತು.

ಬಾಸ್ತ್ಯಾಂವನ ಗುಟ್ಟು ಇನ್ನು ಹೇಳಬಹುದು,
ಅವನಿಲ್ಲ, ಹೋಟೆಲಿದ್ದಲ್ಲಿ ಈಗ ಮೊಬೈಲ್ ಅಂಗಡಿ:
ಬಣ್ಣಕ್ಕೆ ಹೆಬ್ಬೆರಳ ಉಗುರಿನಷ್ಟು ಬೀಟ್‌ರೂಟು.
ಊರವರು ಟೊಮೆಟೊ ಎಂದು ಹೊಗಳಿದ್ದು ಅದನ್ನೇ.

ರುಬ್ಬಿದ್ದನ್ನು ಸೋಸಲು ಮನೆಯಲ್ಲಿದ್ದದ್ದು ಚಾದ ಜಾಲರಿ.
ಮುಕ್ಕಾಲು ಗಂಟೆ, ಬೀಜ ಬೀಜ ತಡೆದು.
ಇನ್ನು ಕೆನೆ. ತುಪ್ಪಕ್ಕೆಂದು ಅವಳು
ನಾಲ್ಕು ದಿನದಿಂದ ಕೂಡಿಟ್ಟದ್ದು, ಕದ್ದೆ.
ಇಲ್ಲಿ ಅವಸರ ಸಲ್ಲ,
ಹುಳಿಗೂ ಹಾಲಿಗೂ ಹಳೆಯ ಜಗಳ.
ಒಲೆ ಆರಿಸು, ನೂರು ಎಣಿಸು,
ಒಂದು ಸೌಟು ಬಿಸಿ ಕೆನೆಗೆ ಕೊಟ್ಟು
ಪರಿಚಯ ಮಾಡಿಸು, ಆಮೇಲೆ ಒಳಗೆ ಕರೆ.
ಅರುವತ್ತೆಂಟಕ್ಕೆ ಎಣಿಕೆ ತಪ್ಪಿತು,
ಹಾಗೇ ಸುರಿದೆ. ಒಡೆಯಲಿಲ್ಲ.
ಕೆಂಪು ಮೆಲ್ಲಗೆ ಇಳಿದು
ಗೂಡಿನಿಂದ ಆಗಷ್ಟೇ ತೆಗೆದ ಹಂಚಿನ
ಬಣ್ಣಕ್ಕೆ ಬಂದು ನಿಂತಿತು.

ಇಲ್ಲಿ ಕುಶಿನಿಯಿಂದ ಮೇಜಿಗೆ ಹನ್ನೊಂದು ಹೆಜ್ಜೆ.
ಟವೆಲು ಎಡ ಮುಂಗೈಗೆ ತಾನಾಗಿ ಬಂದು ಬಿತ್ತು.
ಅವಳ ಮುಖ ನೋಡುತ್ತ ನಡೆದೆ.
ಎಡಗಡೆಯಿಂದ ಇಟ್ಟೆ: ಬಟ್ಟಲಿನ ಕೆಳಗೊಂದು ತಟ್ಟೆ,
ಮೇಲೆ ಕೆನೆಯ ಸುರುಳಿ,
ಬೆಣ್ಣೆಯಲ್ಲಿ ಹುರಿದ ನಾಲ್ಕು ಚೌಕ ಬ್ರೆಡ್ಡು.

ಒಂದು ಚಮಚ. ಕಣ್ಣು ಮುಚ್ಚಿ ಹೇಳಿದಳು:
"ಒಗ್ಗರಣೆ ಮರೆತ ಸಾರು."
ಇನ್ನೊಂದು ಚಮಚ. "ಮರೆತದ್ದು ಒಳ್ಳೆಯದಾಯ್ತು."
ಮೂರನೆಯದಕ್ಕೆ ತಲೆಯೆತ್ತಿದಳು:
"ನಿಂತದ್ದೆಂತಕ್ಕೆ?"

ನಿಂತಿದ್ದೇನೆಂದು ಗೊತ್ತಿರಲಿಲ್ಲ ನನಗೆ.
ಒಬ್ಬರು ಸೂಪು ಕುಡಿಯುವಾಗ ಕೂರುವುದು ಹೇಗೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.
ಕುರ್ಚಿ ಎಳೆದೆ; ಅದು ಕಿರುಚಿದ್ದಕ್ಕೆ
ಕ್ಯಾಪ್ಟನ್ ಬೈದಾನೆಂದು ಒಮ್ಮೆ ಹಿಂದೆ ನೋಡಿದೆ.

ಅವಳು ಬ್ರೆಡ್ಡಿನ ಚೂರುಗಳನ್ನೆಲ್ಲ
ಚಮಚದ ತುದಿಯಲ್ಲಿ ಬದಿಗೆ ದೂಡಿ
ಬಟ್ಟಲು ನನ್ನ ಕಡೆ ತಿರುಗಿಸಿ
"ಇದು ಹಲ್ಲಿದ್ದವರ ಪಾಲು" ಎಂದಳು,
ಸೆರಗು ಮರೆತು ನಕ್ಕು.

ತಿಂದೆ.
ಉಪ್ಪು ಒಂದು ಕಲ್ಲು ಕಮ್ಮಿ.